ಸಾಮಾನ್ಯವಾಗಿ ಕಂಡುಬರುವ ಓತಿಕ್ಯಾತ

ನಾನು ಸಂಶೋಧನೆಗೆ ಸೇರಿದ್ದು ಬೇರೊಂದು ಪ್ರಾಣಿಗಾಗಿ. ನೀಲಗಿರಿಯ ನೆತ್ತಿಯ ಮೇಲೆ, ಚಳಿಗಾಲದ ಬೆಳಿಗ್ಗೆ ಹುಲ್ಲಿನ ಮೇಲಿನ ಇಬ್ಬನಿ ಗಟ್ಟಿಯಾಗಿ ಬೆಳ್ಳಗಾಗುವಷ್ಟು ಎತ್ತರದಲ್ಲಿ ಮಾತ್ರ ಬದುಕುವ ಒಂದು ಹಸಿರು ಹಲ್ಲಿ ಇದೆ. ಒಂದು ಚಳಿಗಾಲವೆಲ್ಲ ಎರಡೆರಡು ಸ್ವೆಟರು ಹಾಕಿಕೊಂಡು ಪೊದೆಗಳ ಮುಂದೆ ಕೂತು ಅದನ್ನು ಕಾದಿದ್ದೆ. ಬಿಸಿಲು ಬೀಳುವವರೆಗೆ ಅದು ಪೊದೆಯೊಳಗಿಂದ ಕದಲುತ್ತಿರಲಿಲ್ಲ. ಹಿಡಿದರೆ ಆಗ ತಾನೆ ಬಾವಿಯಿಂದ ಸೇದಿದ ನೀರಿನ ಹಾಗೆ ತಣ್ಣಗಿರುತ್ತಿತ್ತು. ಇಡುವುದು ಮೂರೋ ನಾಲ್ಕೋ ಮೊಟ್ಟೆ. ಕೆಳಗಿನ ಸೆಖೆ ಅದಕ್ಕೆ ಆಗದು. ಆ ಬೆಟ್ಟದಿಂದ ಪಕ್ಕದ ಬೆಟ್ಟಕ್ಕೆ ಹೋಗಬೇಕಾದರೂ ನಡುವಿನ ಕಣಿವೆ ಇಳಿಯಲಾರದು. ಅಂಥ ಪ್ರಾಣಿಯ ಬಗ್ಗೆ ಏನು ಬರೆದರೂ ಜನ ಓದುತ್ತಾರೆ. ಅಪರೂಪದ್ದು, ಅಪಾಯದಲ್ಲಿರುವುದು ಎಂದು ಯಾರೂ ಅನುಮಾನಪಡದೆ ಒಪ್ಪುತ್ತಾರೆ.

ಎರಡನೇ ವರ್ಷ ಶುರುವಾಗುವ ಮೊದಲೇ ಮಂಡ್ಯದ ಹತ್ತಿರದ ನಮ್ಮೂರು ಯಲಿಯೂರಿನಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಅವ್ವ ಆಗಲೇ ಇರಲಿಲ್ಲ. ನಾನೊಬ್ಬಳೇ ಮಗಳು. ಅಪ್ಪ ಮೇಷ್ಟರಾಗಿದ್ದವರು. ನಮ್ಮ ಕೇರಿಯಲ್ಲಿ ಮೊದಲು ಬುದ್ಧನ ಪಟ ತಂದು ಗೋಡೆಗೆ ಹಾಕಿದವರು, ಮೊದಲು ಹೆಣ್ಣುಮಗಳನ್ನು ಎಂ.ಎಸ್ಸಿ. ಓದಿಸಿದವರು. ಬಾಯಿ ಒಂದು ಕಡೆಗೆ ಎಳೆದುಕೊಂಡಿದ್ದರೂ ನನ್ನನ್ನು ಕಂಡ ಕೂಡಲೆ ಕೇಳಿದ್ದು, "ಓದು?" ಎಂದು ಮಾತ್ರ. ಸಂಶೋಧನೆಯ ಗುರುಗಳಿಗೆ ಫೋನ್ ಮಾಡಿ ಬಿಟ್ಟುಬಿಡುತ್ತೇನೆ ಅಂದೆ. ಅವರು, "ನಿಮ್ಮ ಕಡೆ ಬೋಳು ಬಂಡೆಗುಡ್ಡಗಳಿವೆಯಲ್ಲ, ಅಲ್ಲಿ ಕೆಂಪು ಬೆನ್ನಿನ ಓತಿಕ್ಯಾತ ಇರುತ್ತೆ. ಅದರ ಬದುಕನ್ನೇ ನೋಡಮ್ಮ. ಎಲ್ಲರೂ ಕಂಡಿದ್ದಾರೆ, ಯಾರೂ ನೋಡಿಲ್ಲ" ಎಂದರು.

ಹೀಗೆ ನಾನು ಮಳವಳ್ಳಿ ಕಡೆಯ ಆ ಗುಡ್ಡಕ್ಕೆ ಹೋದದ್ದು. ಹೆಸರು ಹೇಳುವುದಿಲ್ಲ. ಹೇಳಿದರೂ ಈಗ ಹೋಗಿ ನೋಡುವುದಕ್ಕೆ ಅದು ಇಲ್ಲ. ಬೆಳಿಗ್ಗೆ ಅಪ್ಪನಿಗೆ ಗಂಜಿ ಕುಡಿಸಿ, ಪಕ್ಕದ ಮನೆಯ ದೊಡ್ಡಮ್ಮನಿಗೆ ಒಪ್ಪಿಸಿ, ಮಂಡ್ಯಕ್ಕೆ ಬಂದು ಮಳವಳ್ಳಿ ಬಸ್ಸು ಹತ್ತುತ್ತಿದ್ದೆ. ಕಬ್ಬಿನ ಗದ್ದೆಗಳು ಮುಗಿದು ಹುರುಳಿ ಹೊಲ ಶುರುವಾಗುವ ಕಡೆ ಇಳಿದರೆ ಅರ್ಧ ಗಂಟೆ ನಡಿಗೆ. ದೊಡ್ಡ ಗುಡ್ಡವೇನಲ್ಲ. ಆದರೆ ಸುತ್ತಲ ಬಯಲಿನಲ್ಲಿ ಅದೊಂದೇ ಎತ್ತರ. ಕೆಳಗೆ ಗುಂಡುಬಂಡೆಗಳು, ಮೇಲೆ ಆನೆಯ ಬೆನ್ನಿನಂಥ ಹಾಸುಬಂಡೆ. ಹತ್ತು ಗಂಟೆಗೇ ಚಪ್ಪಲಿ ದಾಟಿ ಪಾದ ಸುಡುತ್ತಿತ್ತು.

ಮೊದಲ ದಿನ ಅಲ್ಲಿ ಕೇಳಿದ್ದು ಉಳಿಯ ಸದ್ದು. ಗುಡ್ಡದ ಬುಡದಲ್ಲಿ ಒಬ್ಬ ಗಂಡಸು ಕಲ್ಲಿಗೆ ಸಾಲಾಗಿ ಗುಳಿ ತೋಡುತ್ತಿದ್ದ. ಅವನ ಹೆಂಡತಿ ಗರಿಯ ಚಪ್ಪರದ ನೆರಳಲ್ಲಿ ಕೂತು ಜಲ್ಲಿ ಒಡೆಯುತ್ತಿದ್ದಳು. ಬೇಲಿಗೆ ಹಾಕುವ ಕಲ್ಲುಕಂಬ, ಕಾಲುವೆಗೆ ಹಾಸುವ ಚಪ್ಪಡಿ ಸೀಳಿ ಸುತ್ತಲ ಊರಿಗೆ ಮಾರುವುದು ಅವರ ಕಸುಬು. ನಾನು ದುರ್ಬೀನು ಹಿಡಿದು ಬಂಡೆಯ ಮೇಲೆ ಬೋರಲು ಮಲಗುವುದು, ಏಳುವುದು, ಬರೆದುಕೊಳ್ಳುವುದು ಎಲ್ಲವನ್ನೂ ಮೂರು ದಿನ ನೋಡಿ, ನಾಲ್ಕನೇ ದಿನ ಆಕೆ ಮೇಲೆ ಹತ್ತಿ ಬಂದಳು.

"ಏನವ್ವ ಅದು, ದಿನಾ ಬಂದು ನೋಡ್ತೀಯ? ನಿಧಿಗಿಧಿ ಉಡುಕ್ತಿದ್ದೀಯ?"

"ಓತಿಕ್ಯಾತ ನೋಡ್ತಿದ್ದೀನಿ ಅಕ್ಕ. ಮಂಡ್ಯ ಕಡೆಯಿಂದ ಬರ್ತೀನಿ."

"ಓತಿಕ್ಯಾತನಾ?" ಆಕೆ ಕೆಳಕ್ಕೆ ತಿರುಗಿ ಗಂಡನಿಗೆ ಕೂಗಿ ಹೇಳಿದಳು. "ಏಯ್, ಇಲ್ಕೇಳು. ಈ ಮೇಡಮ್ಮ ಓತಿಕ್ಯಾತ ನೋಡಕ್ಕೆ ಮಂಡ್ಯದಿಂದ ಬಸ್ಸಲ್ಲಿ ಬತ್ತದಂತೆ!"

ಅವನು ನಗಲಿಲ್ಲ. ಸುತ್ತಿಗೆ ಕೆಳಗಿಟ್ಟು, "ಗಂಡಾ ಎಣ್ಣಾ?" ಎಂದು ಕೇಳಿದ. ಆ ಪ್ರಾಣಿಯ ಬಗ್ಗೆ ನನಗೆ ಯಾರಾದರೂ ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು.

ಅಂದಿನಿಂದ ಅವರನ್ನು ಅಣ್ಣ, ಅಕ್ಕ ಎಂದೇ ಕರೆದೆ. ಅಣ್ಣನಿಗೆ ಆಗ ನಲವತ್ತು ಆಗಿರಲಿಲ್ಲ, ನೋಡಿದವರು ಐವತ್ತೈದು ಅನ್ನುತ್ತಿದ್ದರು. ಹುಬ್ಬು, ರೆಪ್ಪೆ, ಕಿವಿಯ ಕೂದಲೆಲ್ಲ ಕಲ್ಲಿನ ಪುಡಿ. ಅವನಿಗೆ ಗುಡ್ಡದ ಒಂದೊಂದು ಬಿರುಕೂ ಗೊತ್ತು. ಯಾವ ಬಂಡೆಯ ಮೇಲೆ ಯಾವ ಗಂಡು ಕೂರುತ್ತದೆ, ಅದರ ಪಕ್ಕದ ಬಂಡೆಗೆ ಯಾವುದು ಬಂದರೆ ಜಗಳ, ಎಲ್ಲ ನನಗಿಂತ ಮೊದಲೇ ತಿಳಿದಿತ್ತು. ಆದರೆ ಅದನ್ನು ತಿಳಿವಳಿಕೆ ಎಂದು ಅವನು ಎಣಿಸಿರಲಿಲ್ಲ.

ನಾನು ಮೂರು ವರ್ಷದಲ್ಲಿ ಬರೆದದ್ದರ ಸಾರ ಇಷ್ಟು. ಹೆಣ್ಣು ಬಂಡೆಯ ಬಣ್ಣದ್ದೇ. ಬೂದು, ಕಂದು, ಮೈಮೇಲೆ ಚುಕ್ಕೆ. ಅಲುಗದಿದ್ದರೆ ಕಾಣುವುದಿಲ್ಲ. ಗಂಡೂ ವರ್ಷದ ಬಹುಪಾಲು ಹಾಗೇ ಇರುತ್ತದೆ. ಬೇಸಿಗೆ ಮಳೆ ಒಂದೆರಡು ಬಿದ್ದ ಮೇಲೆ ಅದರ ಮೈ ಬೇರೆಯಾಗುತ್ತದೆ. ತಲೆಯಿಂದ ಬಾಲದ ನಡುವಿನವರೆಗೆ ಕೆಂಡದ ಕೆಂಪು, ಪಕ್ಕೆಗಳು ಕಾಡಿಗೆಯ ಕಪ್ಪು. ಅತಿ ಎತ್ತರದ ಬಂಡೆ ಹತ್ತಿ, ಮುಂಗಾಲು ಮಡಿಸಿ ಎತ್ತಿ ಮೈ ಆಡಿಸುತ್ತದೆ. ಇನ್ನೊಂದು ಗಂಡು ಎದುರಾದರೆ ನೋಡುನೋಡುತ್ತಿದ್ದಂತೆ ಬೆನ್ನಿನ ಕೆಂಪು ಹಳದಿಗೆ ತಿರುಗುತ್ತದೆ. ಕೈಯಲ್ಲಿ ಹಿಡಿದರೆ ಬಣ್ಣವೆಲ್ಲ ಇಳಿದು ಬರೀ ಮಾಸಲು ಚರ್ಮ ಉಳಿಯುತ್ತದೆ. ಆ ಕೆಂಪು ಹೆಣ್ಣಿಗೆ ಎಷ್ಟು ದೂರದಿಂದ ಕಾಣುತ್ತದೋ ಮೇಲೆ ಸುತ್ತುವ ಸಣ್ಣ ಗಿಡುಗನಿಗೂ ಅಷ್ಟೇ ದೂರದಿಂದ ಕಾಣುತ್ತದೆ.

ಒಂದನ್ನು ಇನ್ನೊಂದರಿಂದ ಗುರುತಿಸಬೇಕಲ್ಲ. ಮೊದಲು ಬೆನ್ನಿಗೆ ನೇಲ್ ಪಾಲಿಶ್ ಚುಕ್ಕೆ ಇಟ್ಟೆ. ಪೊರೆ ಬಿಟ್ಟಾಗ ಚುಕ್ಕೆ ಪೊರೆಯ ಜೊತೆ ಹೋಯಿತು. ಆಮೇಲೆ ಬಾಲದ ಬುಡದಲ್ಲಿ ಸೂಜಿಯಿಂದ ಮೂರು ಬಣ್ಣದ ಸಣ್ಣ ಮಣಿ ಹೊಲಿಯುವುದೆಂದಾಯಿತು. ಮಣಿಗಳನ್ನು ಮಳವಳ್ಳಿ ಸಂತೆಯಿಂದ ಅಕ್ಕ ತಂದುಕೊಟ್ಟಳು. ಉದ್ದನೆಯ ಕೋಲಿನ ತುದಿಗೆ ಗಾಳದ ದಾರದ ಕುಣಿಕೆ ಕಟ್ಟಿ ಹಿಡಿಯುವುದು ನನ್ನ ಕೆಲಸ. ಹಿಡಿದದ್ದರ ಬಾಯಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಅದುಮಿಟ್ಟುಕೊಳ್ಳುವುದು ಅಕ್ಕನ ಕೆಲಸ. ಅವಳ ಅಂಗೈಯ ಚರ್ಮ ಕಚ್ಚಿದರೂ ನಾಟದಷ್ಟು ದಪ್ಪಗಿತ್ತು.

ಕೆಂಪು, ಬಿಳಿ, ನೀಲಿ ಮಣಿಯ ಗಂಡೊಂದು ಅಣ್ಣ ಕಲ್ಲು ಸೀಳುವ ಜಾಗದ ಮೇಲಿನ ಬಂಡೆಯನ್ನೇ ಹಿಡಿದುಕೊಂಡಿತ್ತು. ಉಳಿಯ ಸದ್ದಿಗೆ ಹೆದರುತ್ತಿರಲಿಲ್ಲ. ಅಣ್ಣ ಬುತ್ತಿ ಬಿಚ್ಚಿದಾಗ ಇರುವೆಗಳು ಬರುತ್ತಿದ್ದವು, ಇರುವೆಗೆ ಅದು ಇಳಿದು ಬರುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಕೆಂಪು ಮಂಕಾಯಿತು, ಪಕ್ಕೆಲುಬು ಕಾಣಿಸಿದವು. ಒಂದು ವಾರ ಬಿಟ್ಟು ಹೋದರೆ ಬಂಡೆ ಖಾಲಿ. ಎರಡು ದಿನ ಹುಡುಕಿದೆ. ಅಣ್ಣ ಕೊನೆಗೆ ಒಂದು ಬಿರುಕಿಗೆ ಕೈ ಹಾಕಿ ಒಣಗಿದ ಬಾಲವೊಂದನ್ನು ಎಳೆದ. ಬುಡದಲ್ಲಿ ಮೂರು ಮಣಿ ಹಾಗೇ ಇದ್ದವು.

"ಇವು ಗಂಡುಗಳ್ದು ಒಂದೇ ವರ್ಸ ಕಣವ್ವ," ಎಂದ. "ಮರಿ ಒಂದು ಮಳೆಗೆ ಈಚೆಗೆ ಬತ್ತವೆ, ಇನ್ನೊಂದು ಮಳೆ ಮುಗಿಯೋದ್ರೊಳಗೆ ಮುಗುದೋಯ್ತವೆ. ಎಣ್ಣು ಒಸಿ ತಡೀತವೆ."

ಮೂರು ವರ್ಷದ ನನ್ನ ಲೆಕ್ಕಾಚಾರವೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಗುಡ್ಡದ ಮೂಡಣ ಮಗ್ಗುಲಲ್ಲಿ, ಹಾಸುಬಂಡೆ ಮುಗಿದು ಮಣ್ಣು ಸಿಗುವ ಒಂದು ಪಟ್ಟಿ ಇತ್ತು. ಹೆಣ್ಣುಗಳು ಗುಡ್ಡದ ನಾಲ್ಕೂ ಕಡೆಯಿಂದ ಅಲ್ಲಿಗೇ ಬಂದು, ಮಣ್ಣು ಕೆದಕಿ ಮೊಟ್ಟೆ ಇಟ್ಟು, ಮೂತಿಯಿಂದ ಮಣ್ಣು ತಟ್ಟಿ ಮುಚ್ಚಿ ಹೋಗುತ್ತಿದ್ದವು. ಬೇರೆ ಕಡೆ ಬರೀ ಕಲ್ಲು. ಇಷ್ಟು ಚಿಕ್ಕ ಆಯುಷ್ಯದ ಪ್ರಾಣಿಗೆ ಒಂದು ವರ್ಷ ಮೊಟ್ಟೆ ಇಡಲು ಜಾಗ ತಪ್ಪಿದರೆ ಮರುವರ್ಷಕ್ಕೆ ಗಂಡು ಎಲ್ಲಿಂದ ಬರಬೇಕು? ನನ್ನ ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಇದನ್ನೇ ಬರೆದಿದ್ದೆ. ಪದವಿ ಬಂದ ವರ್ಷವೇ ಅಪ್ಪ ತೀರಿಕೊಂಡರು. ರಟ್ಟು ಹಾಕಿದ ಪ್ರಬಂಧವನ್ನು ಅವರ ಆಡುವ ಕೈಗೆ ಕೊಟ್ಟಿದ್ದೆ. ಮುಟ್ಟಿ ನೋಡಿದ್ದರು.

ಭಾರತೀನಗರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಕೆಲಸ ಸಿಕ್ಕಿತು. ಮಂಡ್ಯದಲ್ಲಿ ಮನೆ ಮಾಡಿದೆ. ಗುಡ್ಡಕ್ಕೆ ಹೋಗುವುದು ವರ್ಷಕ್ಕೆ ಎರಡು ಸಲ, ಆಮೇಲೆ ಒಂದು ಸಲ. ಹೋದರೆ ಅಕ್ಕ ರಾಗಿಮುದ್ದೆ, ಉಪ್ಸಾರು ಬಡಿಸದೆ ಕಳಿಸುತ್ತಿರಲಿಲ್ಲ. ಅಣ್ಣನ ಕೆಮ್ಮು ಪ್ರತಿ ಸಲವೂ ಸ್ವಲ್ಪ ಉದ್ದವಾಗಿರುತ್ತಿತ್ತು. "ಧೂಳು ಕಣವ್ವ, ಬೆಲ್ಲ ತಿಂದ್ರೆ ಓಯ್ತದೆ" ಅನ್ನುತ್ತಿದ್ದ.

ಅಂಥ ಒಂದು ವರ್ಷ, ಎಂ.ಎಸ್ಸಿ.ಯಲ್ಲಿ ನನ್ನ ಜೊತೆ ಓದಿದವನೊಬ್ಬ ಫೋನ್ ಮಾಡಿದ. ಬೆಂಗಳೂರಿನಲ್ಲಿ ಪರಿಸರ ವರದಿಗಳನ್ನು ತಯಾರಿಸಿಕೊಡುವ ಕೆಲಸದಲ್ಲಿದ್ದ. ಮಳವಳ್ಳಿ ಕಡೆ ಒಂದು ಗುಡ್ಡಕ್ಕೆ ಕಲ್ಲುಕ್ವಾರಿಯ ಅರ್ಜಿ ಬಂದಿದೆ, ಅಲ್ಲಿ ಇರುವ ಪ್ರಾಣಿಪಕ್ಷಿಗಳ ಪಟ್ಟಿ ಬೇಕು, ಆ ಜಾಗ ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲವಲ್ಲ ಎಂದ. ಯಾವ ಗುಡ್ಡ ಎಂದು ಕೇಳುವ ಮೊದಲೇ ಗೊತ್ತಾಯಿತು.

ಆಗುವುದಿಲ್ಲ ಎಂದು ಫೋನ್ ಇಡಬಹುದಿತ್ತು. ಇಡಲಿಲ್ಲ. ನಾನು ಮಾಡದಿದ್ದರೆ ಗುಡ್ಡವನ್ನು ಕಣ್ಣಲ್ಲಿ ಕಾಣದ ಯಾರೋ ಪಟ್ಟಿ ಬರೆಯುತ್ತಾರೆ, ನಾನೇ ಬರೆದರೆ ಮೂಡಣ ಮಗ್ಗುಲಿನ ಮಾತನ್ನಾದರೂ ಸೇರಿಸಬಹುದು ಎಂದುಕೊಂಡೆ. ಇದು ನಿಜವೇ. ಇನ್ನೊಂದೂ ನಿಜ. ಅಷ್ಟು ವರ್ಷದಲ್ಲಿ ನನ್ನ ಓದನ್ನು ಒಬ್ಬರಾದರೂ ಕೇಳಿಕೊಂಡು ಬಂದದ್ದು ಅದೇ ಮೊದಲು, ಅದು ನನಗೆ ಹಿತವಾಗಿತ್ತು.

ಎರಡು ದಿನ ಓಡಾಡಿ ಪಟ್ಟಿ ಮಾಡಿದೆ. ಓತಿಕ್ಯಾತದ ಎದುರು ಬರೆಯಬೇಕಾದ್ದನ್ನೇ ಬರೆದೆ: ಸಾಮಾನ್ಯವಾಗಿ ಕಂಡುಬರುತ್ತದೆ, ಅಪಾಯದಂಚಿನ ಪಟ್ಟಿಯಲ್ಲಿ ಇಲ್ಲ. ಸುಳ್ಳಲ್ಲ. ದಕ್ಷಿಣದ ಬಂಡೆಗುಡ್ಡಗಳಲ್ಲೆಲ್ಲ ಅದಿದೆ. ಜೊತೆಗೆ ಒಂದೂವರೆ ಪುಟ ಬೇರೆ ಬರೆದೆ. ಈ ಗುಡ್ಡದವು ಮೊಟ್ಟೆ ಇಡುವ ಜಾಗ ಒಂದೇ ಇದೆ, ಅದನ್ನೂ ಅದರ ಮೇಲಿನ ಬಂಡೆಗಳನ್ನೂ ಬಿಟ್ಟುಬಿಡಬೇಕು, ಮೇ ತಿಂಗಳಿಂದ ಮಳೆ ಮುಗಿಯುವವರೆಗೆ ಸಿಡಿಮದ್ದು ಇಡಬಾರದು ಎಂದು. ಎರಡಕ್ಕೂ ಸಹಿ ಹಾಕಿ ಕಳಿಸಿದೆ. ಆ ದಿನಗಳಲ್ಲಿ ಅಣ್ಣ, ಅಕ್ಕ ಮದುವೆಯೊಂದಕ್ಕೆ ಮದ್ದೂರಿಗೆ ಹೋಗಿದ್ದರು. ಅವರಿಗೆ ಆಮೇಲಾದರೂ ಹೇಳಬೇಕಿತ್ತು. ಹೇಳಲಿಲ್ಲ.

ಕ್ವಾರಿಯ ಬಗ್ಗೆ ಜನರ ಅಹವಾಲು ಕೇಳುವ ಸಭೆ ಊರಿನ ಶಾಲೆಯ ಮೈದಾನದಲ್ಲಿ, ಶಾಮಿಯಾನದ ಕೆಳಗೆ. ಕಾಲೇಜಿಗೆ ರಜೆ ಹಾಕಿ ಹೋದೆ. ಮೇಜಿನ ಮೇಲೆ ವರದಿಯ ಪ್ರತಿಗಳಿದ್ದವು. ಪುಟ ತಿರುವಿದೆ. ನನ್ನ ಪಟ್ಟಿ ಇತ್ತು, ಕೆಳಗೆ ನನ್ನ ಸಹಿ ಇತ್ತು. ಒಂದೂವರೆ ಪುಟ ಇರಲಿಲ್ಲ. ಅದಿರಬೇಕಾದ ಕಡೆ ಒಂದೇ ಸಾಲು: ಈ ಪ್ರದೇಶದಲ್ಲಿ ಸಂರಕ್ಷಣೆಗೆ ಅರ್ಹವಾದ ಜೀವಿಗಳು ಕಂಡುಬಂದಿಲ್ಲ. ಸಹಪಾಠಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಎತ್ತಲಿಲ್ಲ.

ಅಕ್ಕ ಎರಡನೇ ಸಾಲಿನಲ್ಲಿ ಕೂತಿದ್ದಳು. ನನ್ನನ್ನು ಕಂಡು ಮುಖ ಅರಳಿತು. ಎದ್ದು ನಿಂತು ಅಧಿಕಾರಿಗೆ ಹೇಳಿಯೇಬಿಟ್ಟಳು: "ಸ್ವಾಮಿ, ನಮ್ಮ ಮಾತು ಬುಡಿ. ಈ ಮೇಡಮ್ಮನ್ನ ಕೇಳಿ. ಮೂರು ವರ್ಸ ಆ ಬಂಡೆ ಮೇಲೆ ಬಿಸ್ಲಲ್ಲಿ ಬೆಂದವ್ರೆ. ಅಲ್ಲಿ ಏನೇನ್ ಬದುಕ್ತದೆ ಅಂತ ಅವ್ರಿಗೇ ಗೊತ್ತಿರಾದು."

ಮೈಕು ನನ್ನ ಕೈಗೆ ಬಂತು. ವರದಿ ಅಪೂರ್ಣವಾಗಿದೆ, ನಾನು ಕೊಟ್ಟ ಮಾಹಿತಿಯನ್ನು ಬಿಟ್ಟಿದ್ದಾರೆ ಎಂದೆ. ಅಧಿಕಾರಿ ನನ್ನ ಪಟ್ಟಿಯ ಪುಟ ತೆರೆದು ನನ್ನ ಹತ್ತಿರಕ್ಕೆ ಹಿಡಿದರು. ಜೋರು ಮಾಡಲಿಲ್ಲ, ಸಮಾಧಾನವಾಗಿಯೇ ಕೇಳಿದರು.

"ಈ ಸಹಿ ನಿಮ್ದಾ ಮೇಡಂ?"

"ನಂದೇ ಸರ್."

"ಇದರಲ್ಲಿ ಬರೆದಿರೋದು ಏನಾದ್ರೂ ಸುಳ್ಳಿದೆಯಾ?"

"ಇಲ್ಲ ಸರ್. ಆದ್ರೆ..."

"ಸುಳ್ಳಿಲ್ಲ ಅಲ್ವಾ? ಹಾಗಾದ್ರೆ ನಿಮ್ಮ ಬಾಕಿ ಮಾತನ್ನ ಲಿಖಿತವಾಗಿ ಕೊಡಿ, ಸೇರಿಸೋಣ."

ಕೊಟ್ಟೆ. ಎಲ್ಲಿ ಸೇರಿತೋ ತಿಳಿಯದು. ಆ ಹೊತ್ತು ನನ್ನ ಕಣ್ಣಿಗೆ ಕಂಡದ್ದು ಅಕ್ಕನ ಮುಖ. ಅವಳಿಗೆ ಓದಲು ಬರುತ್ತಿರಲಿಲ್ಲ. ಪಕ್ಕದವರು ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದರು. ಅವಳು ನನ್ನನ್ನು ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, ಮುಂದಿದ್ದವರ ಬೆನ್ನನ್ನು ನೋಡುತ್ತ ಕೂತಳು. ಸಭೆ ಮುಗಿದ ಮೇಲೆ ಹುಡುಕಿದೆ. ಹೊರಟುಹೋಗಿದ್ದಳು.

ಅನುಮತಿ ಬಂದಿತು. ದಾರಿ ಮಾಡುವ ಯಂತ್ರಗಳು ಬಂದು ನಿಂತವು. ಆ ವರ್ಷ ಬೇಸಿಗೆಯಲ್ಲಿ ನಾನು ಒಂದು ತಪ್ಪು ಕೆಲಸ ಮಾಡಿದೆ. ಓತಿಕ್ಯಾತಗಳನ್ನು ಹಿಡಿದು ಹತ್ತಾರು ಕಿಲೋಮೀಟರ್ ದೂರದ ಇನ್ನೊಂದು ಬಂಡೆಗುಡ್ಡಕ್ಕೆ ಬಿಡುತ್ತೇನೆ ಎಂದು ಹೊರಟೆ. ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಯಾವ ತಿಳಿದವರೂ ಒಪ್ಪುತ್ತಿರಲಿಲ್ಲ. ನಾನೇ ತರಗತಿಯಲ್ಲಿ ಹೇಳಿಕೊಟ್ಟ ಪಾಠಕ್ಕೆ ಅದು ವಿರುದ್ಧವಾಗಿತ್ತು. ಆದರೆ ಸುಮ್ಮನೆ ಕೂರಲು ಆಗಲಿಲ್ಲ.

ಕುಣಿಕೆ ಕೋಲು ಹಿಡಿದು ಗುಡ್ಡಕ್ಕೆ ಹೋದಾಗ ಮಾತಿಗೆ ಸಿಕ್ಕಿದ್ದು ಅಣ್ಣ ಒಬ್ಬನೇ. ಅಕ್ಕ ನನ್ನ ಮುಖ ಕಂಡು ಜಲ್ಲಿ ಬಿಟ್ಟು ಎದ್ದು ಕೆಳಗಿನ ಗುಡಿಸಲಿಗೆ ಹೋಗಿಬಿಟ್ಟಿದ್ದಳು. ನನ್ನ ಹೆಗಲ ಬಟ್ಟೆಚೀಲಗಳನ್ನು ನೋಡಿ ಅಣ್ಣ ತಲೆಯಾಡಿಸಿದ.

"ಬ್ಯಾಡ ಕಣವ್ವ. ಅಲ್ಲಿ ಆಗ್ಲೇ ಅಲ್ಲಿನವು ಅವೆ. ಇವನ್ನ ಸೇರ್ಸಾಕಿಲ್ಲ."

"ಇಲ್ಲಿದ್ರೂ ಸಾಯ್ತವೆ ಅಣ್ಣ."

"ಇಲ್ಲಾದ್ರೆ ತಾವು ಉಟ್ಟಿದ್ ಕಲ್ ಮೇಲೆ ಸಾಯ್ತವೆ," ಎಂದ. ಆದರೂ ಎದ್ದು ಬಂದು ಹಿಡಿದುಕೊಟ್ಟ. ಮೂರು ಹೆಜ್ಜೆ ಹತ್ತಿದರೆ ನಿಂತು ಬಂಡೆಗೆ ಕೈಯೂರಿ ಉಸಿರು ಎಳೆದುಕೊಳ್ಳುತ್ತಿದ್ದ. ಅದನ್ನು ಕಂಡೂ ಅವನನ್ನು ಹತ್ತಿಸಿದೆ. ಆ ದಿನ ನನಗೆ ಓತಿಕ್ಯಾತ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಒಂದೊಂದಕ್ಕೂ ಮಣಿ ಹೊಲಿದು, ಬೇರೆ ಬೇರೆ ಚೀಲಕ್ಕೆ ಹಾಕಿ, ಬಾಡಿಗೆ ಆಟೋದಲ್ಲಿ ತೆಗೆದುಕೊಂಡು ಹೋದೆ. ಮಧ್ಯಾಹ್ನದ ಬಿಸಿಲು. ದಾರಿಯಲ್ಲಿ ರಸ್ತೆ ಕೆಲಸ ನಡೆಯುತ್ತಿತ್ತು, ಆಟೋ ಬಹಳ ಹೊತ್ತು ನಿಂತಿತು. ಬಂಡೆಯ ಮೇಲೆ ಬಿಸಿ ಹೆಚ್ಚಾದರೆ ಅವು ಬಿರುಕಿಗೆ ಇಳಿಯುತ್ತವೆ. ಚೀಲದಲ್ಲಿ ಇಳಿಯಲು ಜಾಗವಿಲ್ಲ. ಗುಡ್ಡ ತಲುಪಿ ಬಿಚ್ಚಿದರೆ ಐದು ಆಗಲೇ ಸತ್ತಿದ್ದವು. ಅದರಲ್ಲಿ ಮೂರು ಹೆಣ್ಣು, ಹೊಟ್ಟೆ ತುಂಬ ಮೊಟ್ಟೆ. ಮುಟ್ಟಿದರೆ ಚರ್ಮದ ಮೇಲಿಂದಲೇ ಒಂದೊಂದು ಮೊಟ್ಟೆಯೂ ಕೈಗೆ ಸಿಗುತ್ತಿತ್ತು.

ಉಳಿದವನ್ನು ಬಿಟ್ಟು, ವಾರವಿಡೀ ಕಾಲೇಜು ಮುಗಿಸಿಕೊಂಡು ಬಂದು ನೋಡಿದೆ. ಅಲ್ಲಿನ ಗಂಡುಗಳು ನನ್ನವನ್ನು ಒಂದು ಬಂಡೆಯಿಂದ ಇನ್ನೊಂದಕ್ಕೆ ಅಟ್ಟಿದವು, ಅಲ್ಲಿಂದ ಇನ್ನೊಂದಕ್ಕೆ. ಬಿರುಕುಗಳ ದಾರಿ ಇವಕ್ಕೆ ಗೊತ್ತಿರಲಿಲ್ಲ. ಗಿಡುಗ ಕಂಡರೆ ಎಲ್ಲಿಗೆ ಓಡಬೇಕು ಎಂಬುದೇ ತಿಳಿಯದೆ ಬಟ್ಟಬಯಲಲ್ಲಿ ನಿಲ್ಲುತ್ತಿದ್ದವು. ಎಂಟನೇ ದಿನ ಮಣಿ ಹಾಕಿದ್ದು ಒಂದೂ ಕಾಣಲಿಲ್ಲ. ಆ ಮಳೆಗಾಲ ಪೂರ್ತಿ ಕಾಣಲಿಲ್ಲ.

ಗುಡ್ಡ ಒಡೆಯಲು ಶುರುವಾದ ಮೇಲೆ ಕೈಯಲ್ಲಿ ಕಲ್ಲು ಸೀಳುವವರನ್ನು ಒಳಗೆ ಬಿಡಲಿಲ್ಲ. ಅಣ್ಣ ಅಲ್ಲೇ ಡ್ರಿಲ್ ಹಿಡಿಯುವ ಕೆಲಸಕ್ಕೆ ಸೇರಿದ. ಸಿಡಿಮದ್ದು ತುಂಬಲು ಕಲ್ಲಿಗೆ ತೂತು ಕೊರೆಯುವುದು. ಉಳಿಯಲ್ಲಿ ಒಂದು ಬೆಳಗಿನಲ್ಲಿ ಏಳುತ್ತಿದ್ದ ಧೂಳು ಡ್ರಿಲ್ಲಿನಲ್ಲಿ ಒಂದು ನಿಮಿಷಕ್ಕೆ ಏಳುತ್ತದೆ. ಮೂಗಿಗೆ ಅಕ್ಕನ ಹಳೇ ಸೀರೆಯ ತುಂಡು ಕಟ್ಟಿಕೊಳ್ಳುತ್ತಿದ್ದ. ಎರಡು ವರ್ಷ ಆಗುವಷ್ಟರಲ್ಲಿ ಡ್ರಿಲ್ ಎತ್ತಲಾಗದೆ ಮನೆಯಲ್ಲಿ ಕೂತ.

ಸಭೆಯ ನಂತರ ಅಕ್ಕ ನನಗೆ ಮೊದಲ ಸಲ ಫೋನ್ ಮಾಡಿದ್ದು ಆಗಲೇ. "ಇವ್ರಿಗೆ ಉಸ್ರು ಆಡ್ತಿಲ್ಲ. ಮಂಡ್ಯದಲ್ಲಿ ನಂಗೆ ಇನ್ಯಾರೂ ಗೊತ್ತಿಲ್ಲ." ಅಷ್ಟೇ ಹೇಳಿದಳು.

ಮಂಡ್ಯದ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅವರ ಊರ ಹತ್ತಿರದ ಡಾಕ್ಟರೊಬ್ಬರು ಕ್ಷಯ ಎಂದು ಆರು ತಿಂಗಳು ಮಾತ್ರೆ ಕೊಟ್ಟಿದ್ದರು. ಇಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ನನ್ನನ್ನು ಪಕ್ಕಕ್ಕೆ ಕರೆದಳು. ಕಲ್ಲಿನ ಪುಡಿ ಶ್ವಾಸಕೋಶದ ತುಂಬ ಕೂತಿದೆ, ಅದನ್ನು ತೆಗೆಯುವ ಔಷಧಿ ಇಲ್ಲ, ಆಮ್ಲಜನಕ ಕೊಟ್ಟು ಸಂಕಟ ಕಡಿಮೆ ಮಾಡಬಹುದು ಅಷ್ಟೆ ಎಂದಳು. ಅಣ್ಣ ಬೆಂಚಿನ ಮೇಲೆ ಎರಡೂ ಕೈಯನ್ನು ಮಂಡಿಗೆ ಊರಿ, ಬೆನ್ನು ಬಗ್ಗಿಸಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ನನ್ನನ್ನು ನೋಡಿ ಕೇಳಿದ.

"ಮೂಡ್ಗಡೆ ಮಣ್ಣಿತ್ತಲ್ಲ, ನಾನ್ ಕೆಲ್ಸ ಬುಟ್ಮೇಲೆ ಅದ್ನೂ ತೆಗುದ್ರಾ?"

"ತೆಗೆದ್ರು ಅಣ್ಣ."

"ಊಂ," ಎಂದ. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು, "ಆಗಿದ್ರೆ ಮುಗೀತು," ಎಂದ.

ಏಳು ತಿಂಗಳು ಬದುಕಿದ್ದ. ಕೊನೆಕೊನೆಗೆ ಮಾತನಾಡಲು ಉಸಿರು ಸಾಲುತ್ತಿರಲಿಲ್ಲ, ಕೈಸನ್ನೆಯಲ್ಲಿ ನೀರು ಕೇಳುತ್ತಿದ್ದ. ಒಂದು ಬೆಳಿಗ್ಗೆ ಅಕ್ಕ ಮುಖ ತೊಳೆಸಲು ನೀರು ತಂದಾಗ ಹೋಗಿಬಿಟ್ಟಿದ್ದ. ನಾನು ತಲುಪುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ಅವನ ವಯಸ್ಸು ಎಷ್ಟೆಂದು ಆಸ್ಪತ್ರೆಯ ಚೀಟಿಯಲ್ಲಿ ನಾನೇ ಬರೆಸಿದ್ದೆ. ಐವತ್ತು ದಾಟಿರಲಿಲ್ಲ.

ತಿಂಗಳಾದ ಮೇಲೆ ಮತ್ತೆ ಹೋದೆ. ಅಕ್ಕ ಸಾಮಾನು ಕಟ್ಟುತ್ತಿದ್ದಳು. ಸಿಡಿಮದ್ದಿನ ಸದ್ದಿಗೆ ಗೋಡೆ ಬಿರುಕು ಬಿಟ್ಟಿತ್ತು. ಮದ್ದೂರಿನಲ್ಲಿ ತಂಗಿಯ ಮನೆ ಇದೆ, ಅಲ್ಲಿ ಒಂದು ಕಲ್ಯಾಣಮಂಟಪದಲ್ಲಿ ಪಾತ್ರೆ ತೊಳೆಯುವ ಕೆಲಸ ಹೇಳಿದ್ದಾರೆ ಅಂದಳು. ಟೀ ಕಾಸಿ ಕೊಟ್ಟಳು. ನಾವು ಹೊಸಿಲ ಮೇಲೆ ಕೂತೆವು. ಗುಡ್ಡವಿದ್ದ ಕಡೆ ಆಕಾಶ ಕಾಣುತ್ತಿತ್ತು. ಮುಂದೆ ಬೇಲಿ, ಬೇಲಿಯಾಚೆ ಕಲ್ಲು ತೆಗೆದ ಹಳ್ಳ, ಅದರ ತಳದಲ್ಲಿ ಹಸಿರು ನೀರು.

ಅಷ್ಟು ವರ್ಷ ಬಾಯಿಗೆ ಬರದೆ ಇದ್ದದ್ದನ್ನು ಆವತ್ತು ಹೇಳಿದೆ. ಫೋನ್ ಬಂದದ್ದು, ಪಟ್ಟಿ ಮಾಡಿದ್ದು, ಒಂದೂವರೆ ಪುಟ ಬರೆದದ್ದು, ಅದನ್ನು ಅವರು ಕಿತ್ತುಹಾಕಿದ್ದು. ಎಲ್ಲ ಕೇಳಿದ ಮೇಲೆ ಅಕ್ಕ ಲೋಟ ಕೆಳಗಿಟ್ಟಳು.

"ನೀವು ಸೈನ್ ಆಕ್ದೆ ಇದ್ದಿದ್ರೆ ಗುಡ್ಡ ಉಳೀತಿತ್ತಾ?"

"ಇಲ್ಲ ಅಕ್ಕ. ಇನ್ಯಾರ ಹತ್ರಾನೋ ಹಾಕಿಸ್ಕೊತಿದ್ರು."

"ಉಂ. ನಂಗೂ ಅಂಗೇ ಅನ್ಸಿತ್ತು." ಅವಳು ಹಳ್ಳದ ಕಡೆ ನೋಡುತ್ತಲೇ ಹೇಳಿದಳು. "ಇನ್ಯಾರ್ದಾದ್ರೂ ಆಗಿದ್ರೆ ಸಂದಾಗಿತ್ತು ಕಣವ್ವ. ಅವ್ರನ್ನ ಬೈಕೊಂಡಾದ್ರೂ ಇರ್ಬೋದಿತ್ತು. ನಿಮ್ದಾಗ್ಬಾರ್ದಿತ್ತು."

ನಾನು ಅತ್ತೆ. ಅವಳು ಅಳಲೂ ಇಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಒಳಗೆ ಹೋಗಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಳು. ಕಣ್ಣೊರೆಸಿಕೊಂಡು ಹೋಗಿ ಚೀಲದ ಬಾಯಿ ಹಿಡಿದುಕೊಂಡೆ. ಬೇಡ ಅನ್ನಲಿಲ್ಲ. ಇಬ್ಬರೂ ಸೇರಿ ತುಂಬಿ, ಹೊಲಿದು, ರಸ್ತೆಯವರೆಗೆ ಹೊತ್ತು ತಂದೆವು. ಮದ್ದೂರಿನ ಬಸ್ಸು ಬಂತು. ಕಂಡಕ್ಟರು ಚೀಲಗಳಿಗೆ ತಕರಾರು ಮಾಡಿದ. ಅವಳು ಅವನ ಜೊತೆ ಜಗಳ ಮಾಡಿಯೇ ಹತ್ತಿದಳು.

ಈಗಲೂ ನಾವು ಮಾತಾಡುತ್ತೇವೆ. ಹಬ್ಬಕ್ಕೆ ಅವಳೇ ಒಮ್ಮೊಮ್ಮೆ ಫೋನ್ ಮಾಡುತ್ತಾಳೆ. ಕೈಯ ಚರ್ಮ ಸೋಪಿನ ನೀರಿಗೆ ಸುಲಿಯುತ್ತಿದೆ ಎಂದು ಹೇಳುತ್ತಾಳೆ. ಗುಡ್ಡದ ಮಾತು ಇಬ್ಬರೂ ಎತ್ತುವುದಿಲ್ಲ. ಕ್ವಾರಿಯಲ್ಲಿ ಒಳ್ಳೆಯ ಕಲ್ಲು ಮುಗಿಯಿತಂತೆ, ಕೆಲಸ ನಿಲ್ಲಿಸಿ ಯಂತ್ರಗಳನ್ನು ಒಯ್ದಿದ್ದಾರೆ. ಕಳೆದ ವರ್ಷ ಮೇ ತಿಂಗಳಲ್ಲಿ ನಾನೊಬ್ಬಳೇ ಹೋಗಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹಳ್ಳದ ಸುತ್ತ ನಡೆದೆ. ಹೊಸದಾಗಿ ಒಡೆದ ಕಲ್ಲು ಕಣ್ಣಿಗೆ ಹೊಡೆಯುವಷ್ಟು ಬೆಳ್ಳಗಿತ್ತು. ಇರುವೆಗಳಿದ್ದವು. ಒಂದು ಮಿಂಚುಳ್ಳಿ ನೀರಿನ ಮೇಲೆ ಹಾದುಹೋಯಿತು. ಓತಿಕ್ಯಾತ ಗಂಡಾಗಲಿ, ಹೆಣ್ಣಾಗಲಿ, ಮರಿಯಾಗಲಿ ಒಂದೂ ಇರಲಿಲ್ಲ. ಪುಸ್ತಕದಲ್ಲಿ ತಾರೀಖು ಹಾಕಿ, ಗಂಟೆ ಹಾಕಿ, ಕಾಣಲಿಲ್ಲ ಎಂದು ಬರೆದುಕೊಂಡು ಒಂದೂವರೆಯ ಬಸ್ಸಿಗೆ ಹಿಂದಿರುಗಿದೆ.